ಒಂದು ತೊಟ್ಟೆ ತಿಂಡಿಯ ಅಳತೆ

ನಿವೃತ್ತಳಾಗಿ ಮೂರು ವರ್ಷವಾಯಿತು. ಮೊನ್ನೆ ಬಿ.ಸಿ. ರೋಡಿನಲ್ಲಿ ಬಸ್ಸು ಕಾಯುತ್ತಿದ್ದಾಗ, ಹೊಸದಾಗಿ ನಮ್ಮ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಗುರುತು ಹಿಡಿದು ಮಾತಾಡಿಸಿದಳು. ಮನೆ ಭೇಟಿಯ ವಿವರವನ್ನು ಈಗ ಹೇಗೆ ತುಂಬಿಸುತ್ತಾರೆ ಎಂದು ಮೊಬೈಲಿನಲ್ಲಿ ತೋರಿಸಿದಳು. ಸಕ್ಕರೆ ಕಾಯಿಲೆಯವರ ಹೆಸರು, ಪಕ್ಕದಲ್ಲಿ ಬೆಳಗಿನ ಆಹಾರ ಆಗಿದೆಯೇ ಎಂಬ ಪ್ರಶ್ನೆ. ಹೌದು ಅಥವಾ ಇಲ್ಲ ಎಂದು ಒತ್ತಿದರೆ ಮುಗಿಯಿತು. ಇಷ್ಟೇ ಸಾಕಾ ಎಂದು ಕೇಳಿದೆ. ಸಾಕು ಮೇಡಂ, ಬೇಗ ಆಗ್ತದೆ ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಆ ಒಂದು ‘ಹೌದು’ ಒಬ್ಬ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸಬಹುದು ಎಂದು ಹೇಳಲು ನನಗೆ ಸಮಯ ಸಿಗಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ.

ನನ್ನದು ಮನೆಮನೆಗೆ ಹೋಗುವ ದಾದಿಯ ಕೆಲಸ. ಮೂವತ್ತನಾಲ್ಕು ವರ್ಷಗಳಲ್ಲಿ ಹುದ್ದೆಯ ಹೆಸರು ಮೂರು ಸಲ ಬದಲಾಯಿತು. ಜನರ ಬಾಯಲ್ಲಿ ಮಾತ್ರ ಮೊದಲ ದಿನದಿಂದ ಕೊನೆಯ ದಿನದವರೆಗೆ ನಾನು ಬರೀ ಸಿಸ್ಟರ್. ಬಡ್ತಿಯ ಕಥೆ, ವರ್ಗಾವಣೆಯ ಕಥೆ ಬರೆದರೆ ಬರೆಯುವ ನನಗೇ ನಿದ್ದೆ ಬರುತ್ತದೆ. ಅದನ್ನು ಬಿಡುವ.

ಕೆಲಸಕ್ಕೆ ಸೇರಿದ್ದು ವಿಟ್ಲದ ಹತ್ತಿರ. ನನ್ನ ಮೇಲಿನವರು ಫಿಲೋಮಿನಾ ಬಾಯಿ. ಸಣ್ಣ ಆಳು, ದೊಡ್ಡ ಕೊಡೆ. ಸುಳ್ಳು ಲೆಕ್ಕ ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಮೊದಲ ತಿಂಗಳು ಒಬ್ಬಳು ಗರ್ಭಿಣಿಯ ಮನೆಗೆ ನನ್ನ ಜೊತೆ ಬಂದರು. ನಾನು ಪುಸ್ತಕ ಬಿಡಿಸಿ, ಬೆಳಿಗ್ಗೆ ಏನು ತಿಂದದ್ದು ಎಂದು ಕೇಳಿದೆ. ದೋಸೆ, ಚಟ್ನಿ, ಒಂದು ಬಾಳೆಹಣ್ಣು ಎಂದಳು ಆಕೆ. ಅಂದವಾಗಿ ಬರೆದುಕೊಂಡೆ. ಫಿಲೋಮಿನಾ ಬಾಯಿ ಕುಡಿಯಲು ನೀರು ಬೇಕೆಂದು ನೆಪ ಹೇಳಿ ಒಳಗೆ ಹೋಗಿ ಬಂದರು. ಅಂಗಳ ದಾಟಿದ ಮೇಲೆ ಕೊಡೆಯ ತುದಿಯನ್ನು ನನ್ನ ಪುಸ್ತಕದ ಮೇಲಿಟ್ಟು ಹೇಳಿದರು: “ದೋಸೆಯ ಕಾವಲಿಯಲ್ಲಿ ಧೂಳು ಉಂಟು. ನಿನ್ನೆಯ ಗಂಜಿಯ ತಿಳಿ ಕುಡಿದು ಕೂತಿದ್ದಾಳೆ ಅವಳು. ಹೇಳಿದ್ದನ್ನು ಬರೆಯುವ ಮೊದಲು ಪಾತ್ರೆಯನ್ನು ನೋಡು.”

ಅಂದಿನಿಂದ ನಾನು ಪಾತ್ರೆ ನೋಡುವವಳಾದೆ. ಒಂದು ಮನೆಯ ‘ಒಂದು ಬಟ್ಟಲು ಗಂಜಿ’ ಇನ್ನೊಂದು ಮನೆಯ ಮೂರು ಬಟ್ಟಲಿಗೆ ಸಮ. ಗಂಜಿಗೆ ಅಕ್ಕಿ ಎಷ್ಟು ಎಂದು ಕೇಳಿದರೆ ಕೆಲವರು ಕುಡ್ತೆಯೆಂಬ ಹಳೆಯ ಅಳತೆಯ ಪಾತ್ರೆ ತೋರಿಸುತ್ತಿದ್ದರು, ಕೆಲವರು ತಮ್ಮ ಕೈ ತೋರಿಸುತ್ತಿದ್ದರು. ಔಷಧಿಯನ್ನು ಮಿಲಿಗ್ರಾಂನಲ್ಲಿ ಕೊಡುವವರು ನಾವು, ಅನ್ನವನ್ನು ಕೈಯಳತೆಯಲ್ಲಿ ಉಣ್ಣುವವರು ಅವರು. ಈ ಎರಡನ್ನು ಜೋಡಿಸುವುದೇ ನಮ್ಮ ಕೆಲಸದ ಕಷ್ಟ.

ತೊಟ್ಟೆ ತಿಂಡಿ ಬಂದದ್ದು ನಾನು ಬೆಳುವಾಯಿಯ ಕಡೆ ಇದ್ದಾಗ. ತೊಟ್ಟೆ ಎಂದರೆ ನಮ್ಮಲ್ಲಿ ಪ್ಲಾಸ್ಟಿಕ್ ಪೊಟ್ಟಣ. ಅಂಗಡಿಯ ಬಾಗಿಲಲ್ಲಿ ಶ್ಯಾಂಪೂವಿನ ಜೊತೆಜೊತೆಗೆ ಅವೂ ಉದ್ದಕ್ಕೆ ತೂಗತೊಡಗಿದವು. ಮಸಾಲೆ ಓಟ್ಸ್, ಒಗ್ಗರಣೆ ಸೇರಿಸಿದ ಅವಲಕ್ಕಿ, ಬಿಸಿನೀರು ಹೊಯ್ದರೆ ಉಪ್ಪಿಟ್ಟಾಗುವ ರವೆ. ಒಬ್ಬರಿಗೆ ಒಂದು ಹೊತ್ತಿಗೆ ಒಂದು ತೊಟ್ಟೆ. ಊರಿನ ಹಿರಿಯರು ಮೂಗು ಮುರಿದರು. ನಾನು ಮುರಿಯಲಿಲ್ಲ, ಯಾಕೆಂದರೆ ಅದರ ಉಪಕಾರವನ್ನು ಕಣ್ಣಾರೆ ಕಂಡಿದ್ದೆ. ಬೀಡಿ ಕಟ್ಟುವ ಲೀಲಾ ಎಂಬವಳಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರು. ಗಂಡ ಬಸ್ಸಿನ ಕಂಡಕ್ಟರ್, ನಸುಕಿಗೇ ಹೊರಡಬೇಕು. ತಾಯಿಮನೆಯಲ್ಲಿ ತಾಯಿ ಇಲ್ಲ. ಒಲೆಯ ಮುಂದೆ ಅರ್ಧ ಗಂಟೆ ನಿಲ್ಲುವ ಶಕ್ತಿ ಅವಳಿಗಿರಲಿಲ್ಲ. ಫ್ಲಾಸ್ಕಿನ ಬಿಸಿನೀರು ಹೊಯ್ದುಕೊಂಡು ತೊಟ್ಟೆಯ ಉಪ್ಪಿಟ್ಟು ತಿಂದೇ ಆ ಬಾಣಂತಿ ತಿಂಗಳು ದಾಟಿದಳು. ತಿನ್ನದೆ ಇರುವುದಕ್ಕಿಂತ ಅದು ನೂರು ಪಾಲು ಮೇಲು. ಆರೋಗ್ಯ ಕ್ಯಾಂಪಿನ ದಿನಗಳಲ್ಲಿ ನಾನೂ ಅದನ್ನೇ ತಿಂದು ಹೋಗಿ, ರಾಗಿ ಅಂಬಲಿಯ ಮಹಿಮೆಯ ಬಗ್ಗೆ ಭಾಷಣ ಮಾಡಿದ್ದುಂಟು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ತೊಂದರೆ ಗೊತ್ತಾದದ್ದು ಸಂಜೀವ ಶೆಟ್ಟರಿಂದ. ದುಬಾಯಿಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಊರಿಗೆ ಬಂದವರು. ರಕ್ತದೊತ್ತಡ ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ. ಊಟದಲ್ಲಿ ಉಪ್ಪು ಕಡಿಮೆ, ಉಪ್ಪಿನಕಾಯಿ ಬಂದ್, ಪ್ರಾಣವಾಗಿದ್ದ ಒಣಮೀನು ಕೂಡ ಬಿಟ್ಟಿದ್ದರು. ನಾನು ಅಭ್ಯಾಸದಂತೆ ಅಡುಗೆಮನೆಗೆ ಹೋದೆ. ಕಸದ ಬಕೆಟ್ಟಿನಲ್ಲಿ ಬರೀ ಮಸಾಲೆ ಓಟ್ಸಿನ ತೊಟ್ಟೆಗಳು. ಪಥ್ಯದ ತಿಂಡಿಯೆಂದು ಬೆಳಿಗ್ಗೆ ಒಂದು, ರಾತ್ರಿ ಒಂದು ತಿನ್ನುತ್ತಿದ್ದರು. ತೊಟ್ಟೆಯ ಬೆನ್ನಿನಲ್ಲಿ ಇರುವೆಯ ಸಾಲಿನಂತಹ ಅಕ್ಷರದಲ್ಲಿ ಬರೆದ ಉಪ್ಪಿನ ಲೆಕ್ಕವನ್ನು ಅವರದ್ದೇ ಕನ್ನಡಕ ಹಾಕಿಕೊಂಡು ಓದಿ ಹೇಳಿದೆ. ಶೆಟ್ಟರು ತೊಟ್ಟೆಯನ್ನು ತಿರುಗಿಸಿ ನೋಡಿ, “ಹಾಗಾದ್ರೆ ಒಂದು ವರ್ಷ ಒಣಮೀನು ಬಿಟ್ಟ ನನ್ನ ಪುಣ್ಯ ಎಲ್ಲಿಗೆ ಹೋಯ್ತು ಸಿಸ್ಟರ್?” ಎಂದರು. ಇಬ್ಬರೂ ನಕ್ಕೆವು. ಖಾಲಿ ತೊಟ್ಟೆಗಳನ್ನು ಬಚ್ಚಲೊಲೆಗೆ ಹಾಕಿ ಸ್ನಾನದ ನೀರು ಕಾಯಿಸುವುದು ಬೇಡ ಎಂದೂ ಹೇಳಿ ಬಂದೆ. ಆ ಹೊಗೆಗೆ ಅವರ ಮನೆಯಲ್ಲಿ ಎಲ್ಲರೂ ಕೆಮ್ಮುತ್ತಿದ್ದರು.

ಇಷ್ಟು ತಿಳಿದವಳು ನಾನು. ಆಮೇಲೆ ಮಾಡಿದ ತಪ್ಪಿಗೆ ತಿಳಿಯದೆ ಆಯಿತು ಎಂಬ ನೆಪ ನನಗಿಲ್ಲ.

ನನ್ನ ಕೊನೆಯ ಜಾಗ ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿಯ ಕಡೆಯ ಒಂದು ಹಳ್ಳಿ. ಇನ್ನೊಬ್ಬರ ಮನೆಯ ಮಾನದ ವಿಷಯವಾದ್ದರಿಂದ ಊರಿನ ಹೆಸರು ಬರೆಯುವುದಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಕುಶಾಲಪ್ಪ ಗೌಡರಿಗೆ ಆಗ ಐವತ್ತೈದರ ಆಸುಪಾಸು. ಸ್ವಲ್ಪ ರಬ್ಬರ್ ಇತ್ತು. ಆಳು ಇಡದೆ ತಾವೇ ಟ್ಯಾಪಿಂಗ್ ಮಾಡುತ್ತಿದ್ದರು. ನಸುಕಿಗೆ ಎದ್ದು ಮರದಿಂದ ಮರಕ್ಕೆ ಓಡಾಡಿ, ತೊಗಟೆಯನ್ನು ಹದವಾದ ಆಳಕ್ಕೆ ಕೊಯ್ದು ಹಾಲು ಇಳಿಸುವ ಕೆಲಸ. ಗುಡ್ಡದ ಇಳಿಜಾರು ಬೇರೆ. ಅವರಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್. ಬೆಳಗಿನದ್ದನ್ನು ಚುಚ್ಚಿಕೊಂಡು, ಹೆಂಡತಿ ಪುಷ್ಪಾವತಿ ಬೇಯಿಸಿದ ಕುಚ್ಚಲಕ್ಕಿ ಗಂಜಿಯನ್ನು ಹೊಟ್ಟೆ ತುಂಬ ಉಂಡು ತೋಟಕ್ಕೆ ಇಳಿಯುತ್ತಿದ್ದರು. ನಮ್ಮ ಡಾಕ್ಟರು ಇನ್ಸುಲಿನ್ನಿನ ಪ್ರಮಾಣ ಬರೆದದ್ದು ಆ ಗಂಜಿಯ ಮೇಲೆ. ಆದರೆ ಗಂಜಿ ಒಂದು ದಿನ ಎರಡು ಬಟ್ಟಲು, ಒಂದು ದಿನ ಮೂರು. ಸಕ್ಕರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ತಿಂಗಳ ಸಭೆಯಲ್ಲಿ ನನ್ನ ಪಟ್ಟಿಯಲ್ಲಿ ಹತೋಟಿಗೆ ಬಾರದ ಒಂದೇ ಹೆಸರು ಅವರದ್ದು, ಅದು ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಆ ವರ್ಷ ಜೂನಿನಲ್ಲಿ ನನಗೊಂದು ಉಪಾಯ ಹೊಳೆಯಿತು. ತೊಟ್ಟೆಯಲ್ಲಿ ಅಳತೆ ಅಚ್ಚಾಗಿಯೇ ಬರುತ್ತದಲ್ಲ? ಇವತ್ತಿನದ್ದೂ ನಾಳೆಯದ್ದೂ ಒಂದೇ. ಮಸಾಲೆ ಬೇಡ, ಉಪ್ಪಿಲ್ಲದ ಸಾದಾ ಓಟ್ಸು, ದಿನಕ್ಕೊಂದು ತೊಟ್ಟೆ ಎಂದು ಪುಷ್ಪಾವತಿಗೆ ಹೇಳಿದೆ. ಹೊಟ್ಟೆಗೆ ಸಾಕಾಗ್ಲಿಕ್ಕಿಲ್ಲ ಸಿಸ್ಟರ್ ಎಂದು ಅವಳು ಮೆಲ್ಲಗೆ ಅಂದಳು. ಅಭ್ಯಾಸ ಆಗ್ತದೆ ಎಂದೆ. ಸಕ್ಕರೆ, ಬೆಲ್ಲ ಇವರಿಗೆ ವಿಷ, ಮನೆಯಲ್ಲೇ ಇಡಬೇಡ ಎಂದೂ ಸೇರಿಸಿದೆ. ಅವಳು ಎರಡನ್ನೂ ಅಕ್ಷರಶಃ ಪಾಲಿಸಿದಳು. ಡಾಕ್ಟರಿಗೆ ಮಾತ್ರ ನಾನು ತಿಂಡಿ ಬದಲಿಸಿದ ಸುದ್ದಿ ಹೇಳಲಿಲ್ಲ. ಒಳ್ಳೆಯ ಅಂಕಿ ಬಂದ ಮೇಲೆ ಹೇಳಿ ಶಾಭಾಸ್ ಅನ್ನಿಸಿಕೊಳ್ಳುವ ಆಸೆ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಂಕಿ ಬಂತು. ಜುಲೈ, ಆಗಸ್ಟ್ ಎರಡೂ ತಿಂಗಳು ಕುಶಾಲಪ್ಪ ಗೌಡರ ಸಕ್ಕರೆ ಗೆರೆ ಎಳೆದಂತೆ ನಿಂತಿತು. ಸಭೆಯಲ್ಲಿ ಡಾಕ್ಟರು ಮೆಚ್ಚಿದರು. ನಾನು ಮರೆತದ್ದು ಇಷ್ಟೇ: ಮಳೆಗಾಲದಲ್ಲಿ ಅವರು ಟ್ಯಾಪಿಂಗ್ ನಿಲ್ಲಿಸುತ್ತಿದ್ದರು. ಆ ಎರಡು ತಿಂಗಳು ಅವರು ಜಗಲಿಯಲ್ಲಿ ಕೂತಿದ್ದರು. ಕೂತವನಿಗೆ ಒಂದು ಹಿಡಿ ಓಟ್ಸು ಹೇಗೋ ಸಾಕು. ಸೆಪ್ಟೆಂಬರಿನಲ್ಲಿ ಮಳೆ ಕಡಿಮೆಯಾಗಿ, ಅವರು ಕತ್ತಿ ಹಿಡಿದು ಗುಡ್ಡಕ್ಕೆ ಇಳಿದರು. ಹೊಟ್ಟೆಯಲ್ಲಿ ಒಂದು ತೊಟ್ಟೆ ಓಟ್ಸು, ಮೈಯಲ್ಲಿ ಮೂರು ಬಟ್ಟಲು ಗಂಜಿಗೆ ಬರೆದ ಇನ್ಸುಲಿನ್. ಇವರು ಈಚೆಗೆ ತುಂಬ ಬೆವರ್ತಾರೆ ಎಂದು ಪುಷ್ಪಾವತಿ ನನಗೆ ಹೇಳಿಯೂ ಹೇಳಿದ್ದಳು. ಕೆಲಸ ಶುರು ಮಾಡಿದ್ದಾರಲ್ಲ, ಬೆವರದೆ ಇರ್ತಾರಾ ಎಂದು ನಾನು ಮುಂದಿನ ಮನೆಗೆ ನಡೆದೆ.

ನಾಲ್ಕು ದಿನ ಕಳೆದು ಅವರು ತೋಟದ ಕೆಳಗಿನ ಸಾಲಿನಲ್ಲಿ ಮರಕ್ಕೊರಗಿ ಕೂತಿದ್ದರು. ಎಷ್ಟು ಹೊತ್ತಿನಿಂದ ಕೂತಿದ್ದರೋ ಯಾರಿಗೂ ಗೊತ್ತಿಲ್ಲ. ಹಾಲು ಒಟ್ಟುಮಾಡಲು ಹೋದ ಪುಷ್ಪಾವತಿ ಕಂಡಳು. ಮೈಯೆಲ್ಲ ಬೆವರು, ಕರೆದರೆ ತೊದಲು. ಅವಳು ಓಡಿಹೋಗಿ ನೀರು ತಂದಳು, ಸಕ್ಕರೆಯಿಲ್ಲದ ಚಾ ತಂದು ಕುಡಿಸಲು ನೋಡಿದಳು. ಸಕ್ಕರೆ ಇಳಿದಿದ್ದ ಆ ಹೊತ್ತಿಗೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿದ್ದರೆ ಆಗುತ್ತಿತ್ತು. ನನ್ನ ಮಾತು ಕೇಳಿ ಆ ಮನೆಯಲ್ಲಿ ಬೆಲ್ಲವೇ ಇರಲಿಲ್ಲ, ಇದ್ದರೂ ಅವಳು ಕೊಡುತ್ತಿರಲಿಲ್ಲ. ಜೀಪು ಹುಡುಕಿ, ಪೇಟೆಯ ಆಸ್ಪತ್ರೆಗೆ ಮುಟ್ಟಿಸುವಾಗ ಅವರಿಗೆ ಎಚ್ಚರವಿರಲಿಲ್ಲ.

ಜೀವ ಉಳಿಯಿತು. ಮನುಷ್ಯ ಮೊದಲಿನಂತೆ ಉಳಿಯಲಿಲ್ಲ. ಸಕ್ಕರೆ ಬಹಳ ಹೊತ್ತು ಇಳಿದೇ ಇದ್ದುದರಿಂದ ಮೆದುಳಿಗೆ ಪೆಟ್ಟಾಗಿದೆ ಎಂದರು ಅಲ್ಲಿನವರು. ಮಾತು ತಡವರಿಸುತ್ತದೆ, ಹೆಸರುಗಳು ನೆನಪಾಗುವುದಿಲ್ಲ. ರಬ್ಬರ್ ಕತ್ತಿ ಕೈಗೆ ಕೊಟ್ಟರೆ ತೊಗಟೆಯನ್ನು ಎಷ್ಟು ಆಳಕ್ಕೆ ಕೊಯ್ಯಬೇಕೆಂದು ತಿಳಿಯದೆ ಮರವನ್ನೇ ಗಾಯ ಮಾಡುತ್ತಾರೆ. ಆಮೇಲೆ ಅವರ ಕೈಗೆ ಯಾರೂ ಕತ್ತಿ ಕೊಡಲಿಲ್ಲ.

ಅವರು ಮನೆಗೆ ಬಂದ ವಾರ ಡಾಕ್ಟರು ವಿಚಾರಿಸಲು ಹೋದರು. ಜೊತೆಗೆ ನಾನು. ಪಕ್ಕದ ಮನೆಯಿಂದ ಕುಶಾಲಪ್ಪ ಗೌಡರ ಅಕ್ಕ ಚೆನ್ನಮ್ಮನೂ ಬಂದಿದ್ದರು. ಗಂಡ ತೀರಿದ ಮೇಲೆ ಆಕೆ ಮಗ ಸೊಸೆಯೊಂದಿಗೆ ಅಲ್ಲೇ ಇದ್ದರು, ತಮ್ಮನೆಂದರೆ ಜೀವ. ಬೆಳಿಗ್ಗೆ ಏನು ತಿನ್ನುತ್ತಿದ್ದರು ಎಂದು ಡಾಕ್ಟರು ಕೇಳಿದಾಗ ಉತ್ತರ ಕೊಟ್ಟದ್ದು ಆಕೆಯೇ. “ಒಂದು ಗಂಜಿ ಬೇಯಿಸ್ಲಿಕ್ಕೆ ಇವಳಿಗೆ ಉದಾಸೀನ ಡಾಕ್ಟ್ರೇ. ತೊಟ್ಟೆಗೆ ನೀರು ಹೊಯ್ದು ಕೊಟ್ಟು ನನ್ನ ತಮ್ಮನನ್ನು ಈ ಗತಿಗೆ ತಂದ್ಳು.”

ಡಾಕ್ಟರು ನನ್ನ ಕಡೆ ತಿರುಗಿ, ತಿಂಡಿ ಬದಲಿಸಿದ್ದು ನಿಮಗೆ ಗೊತ್ತಿತ್ತಾ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತಹ ಉತ್ತರ ನನ್ನ ಬಾಯಿಗೆ ತಾನಾಗಿ ಬಂತು. ಈಗ ಎಲ್ಲರೂ ಅಂಗಡಿಯಿಂದ ತರ್ತಾರಲ್ಲ ಸರ್ ಎಂದೆ. ಪುಷ್ಪಾವತಿ ಬಾಗಿಲ ಬಳಿ ನಿಂತಿದ್ದಳು. ನನ್ನ ಮುಖವನ್ನು ಒಮ್ಮೆ ನೋಡಿದಳು, ಒಳಗೆ ಹೋದಳು. ವರದಿಯಲ್ಲಿ ಮನೆಯವರ ತಿಳಿವಳಿಕೆಯ ಕೊರತೆ ಎಂದು ಬರೆದಾಯಿತು. ಬರೆದದ್ದು ನನ್ನ ಕೈಯೇ.

ಮಾತಿಗೆ ರೆಕ್ಕೆ ಬಂತು. ಗಂಡನಿಗೆ ಗಂಜಿ ಬೇಯಿಸದ ಹೆಂಗಸು ಎಂಬ ಹೆಸರು ಅವಳಿಗೆ ಊರಿನಲ್ಲಿ ಗಟ್ಟಿಯಾಯಿತು. ಸೊಸೆಯಂದಿರಿಗೆ ಬುದ್ಧಿ ಹೇಳುವಾಗ ಅತ್ತೆಯಂದಿರು ಅವಳ ಉದಾಹರಣೆ ಕೊಡುವುದನ್ನು ನಾನೇ ಎರಡು ಮನೆಗಳಲ್ಲಿ ಕೇಳಿದೆ. ಕೇಳಿ, ಬಿ.ಪಿ. ನೋಡುವ ಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿ ಎದ್ದು ಬಂದೆ. ನನಗೆ ನಾಚಿಕೆ ಇರಲಿಲ್ಲವೆಂದಲ್ಲ. ನಾಚಿಕೆಗಿಂತ ಹೆದರಿಕೆ ದೊಡ್ಡದಿತ್ತು.

ಎಂಟು ತಿಂಗಳು ಹಾಗೆಯೇ ಹೋಯಿತು. ಮೇ ತಿಂಗಳ ಒಂದು ಬೆಳಿಗ್ಗೆ ಅವರ ಮನೆಗೆ ಬೇಗ ಮುಟ್ಟಿದೆ. ಪುಷ್ಪಾವತಿ ಗಂಡನಿಗೆ ಗಂಜಿ ಉಣ್ಣಿಸಿ, ಅವರ ಬಾಯಿ ಒರೆಸಿದಳು. ಖಾಲಿ ಬಟ್ಟಲನ್ನು ತೊಳೆಯಲಿಲ್ಲ. ಅದನ್ನು ಹಿಡಿದುಕೊಂಡು ಅಂಗಳ ದಾಟಿ ಚೆನ್ನಮ್ಮನ ಜಗಲಿಗೆ ಹೋಗಿ, ಬಾಗಿಸಿ ತೋರಿಸಿದಳು. ಆಕೆ ಒಳಗೆ ಇಣುಕಿ ನೋಡಿ ತಲೆಯಾಡಿಸಿದ ಮೇಲೆ ಹಿಂದೆ ಬಂದು ತೊಳೆದಳು. ಇದೇನು ಎಂದು ಕೇಳಿದೆ. ಅತ್ತಿಗೆಗೆ ಸಮಾಧಾನ ಆಗ್ಬೇಕಲ್ಲ ಎಂದಳು, ಹಾಲು ತರಲು ಹೋಗಿದ್ದೆ ಎನ್ನುವಷ್ಟು ಸಹಜವಾಗಿ. ದಿನಾ ಹೀಗೆಯೇ. ಮದುವೆಯಾಗಿ ಮೂವತ್ತು ವರ್ಷ ಕಳೆದ ಹೆಂಗಸು, ಗಂಡನಿಗೆ ಉಣಿಸಿದ್ದಕ್ಕೆ ದಿನಾ ಸಾಕ್ಷಿ ತೋರಿಸಿ ಬರುತ್ತಿದ್ದಳು. ಬೇರೆಯವರ ಪಾತ್ರೆ ನೋಡಿಯೇ ಹೊಟ್ಟೆ ಹೊರೆದವಳು ನಾನು. ಆ ಬಟ್ಟಲನ್ನು ನೋಡಲು ನನ್ನಿಂದ ಆಗಲಿಲ್ಲ.

ಮರುದಿನ ಎರಡು ಹಾಳೆ ಬರೆದು ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಎರಡನ್ನೂ ಓದಿದರು. ನಿವೃತ್ತಿಗೆ ಇನ್ನು ಎಷ್ಟು ಸಮಯ ಉಂಟು ಎಂದು ಕೇಳಿದರು. ವರ್ಷದ ಮೇಲೆ ಸ್ವಲ್ಪ ಎಂದೆ. ಹಳೆಯ ವರದಿ, ಬಿಡಿ ಎನ್ನುವರೇನೋ ಎಂದು ನನ್ನ ಮನಸ್ಸಿನ ಒಂದು ಮೂಲೆ ಇನ್ನೂ ಆಸೆ ಪಡುತ್ತಿತ್ತು. ಅವರು ಹಾಗೆ ಹೇಳಲಿಲ್ಲ. ಹಾಳೆಯನ್ನು ಕಡತಕ್ಕೆ ಸೇರಿಸಿದರು, ನನಗೆ ನೋಟಿಸು ಕೊಟ್ಟರು, ವರದಿ ತಿದ್ದಿದರು. ತಿಂಡಿಯೇನು, ಎಷ್ಟು, ಆ ದಿನಗಳಲ್ಲಿ ಕೆಲಸವೇನು ಎಂಬ ಮೂರನ್ನೂ ಇನ್ಸುಲಿನ್ ಬರೆಯುವ ಚೀಟಿಯಲ್ಲೇ ಬರೆಯಬೇಕೆಂಬ ಪದ್ಧತಿ ನಮ್ಮ ಕೇಂದ್ರದಲ್ಲಿ ಅಂದಿನಿಂದ ಬಂತು. ಇನ್ಸುಲಿನ್ ಇರುವ ಮನೆಯಲ್ಲಿ ಬೆಲ್ಲದ ತುಂಡು ಕೈಗೆಟಕುವಂತೆ ಇರಲೇಬೇಕು ಎಂದು ಹೇಳಿಕೊಡತೊಡಗಿದೆವು. ಒಳ್ಳೆಯ ಮೇಲಧಿಕಾರಿ ಅಂದರೆ ರಕ್ಷಿಸುವವರು ಎಂದು ಎಷ್ಟೋ ವರ್ಷ ತಿಳಿದಿದ್ದೆ. ಹಾಗಲ್ಲ.

ತೊಟ್ಟೆ ತಿಂಡಿಯ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಲೀಲಾಳಂಥವರಿಗೆ ಅದು ಬೇಕು, ಹೊಸದಾಗಿ ಈ ಕೆಲಸಕ್ಕೆ ಬಂದ ನಿಮಗೂ ಕ್ಯಾಂಪಿನ ದಿನ ಬೇಕಾಗುತ್ತದೆ. ತೊಟ್ಟೆ ತಯಾರಿಸುವವನು ಒಬ್ಬರಿಗೆ ಎಂದು ಬರೆದಿರುತ್ತಾನೆ. ಆ ಒಬ್ಬರು ಕುರ್ಚಿಯಲ್ಲಿ ಕೂತವರೋ ಗುಡ್ಡ ಹತ್ತುವವರೋ ಅವನಿಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು. ಅಷ್ಟಕ್ಕೇ ನಿಮ್ಮನ್ನು ಮನೆಮನೆಗೆ ಕಳಿಸುವುದು.

ಕಾಗದ ಕೊಟ್ಟ ಸಂಜೆಯೇ ಕುಶಾಲಪ್ಪ ಗೌಡರ ಮನೆಗೆ ಹೋದೆ. ಚೆನ್ನಮ್ಮ ಅಲ್ಲೇ ಜಗಲಿಯಲ್ಲಿ ಕೂತು ಗುಡಿಸುವ ಹಿಡಿಸೂಡಿಗೆ ತೆಂಗಿನ ಗರಿಯ ಕಡ್ಡಿ ಸೀಳುತ್ತಿದ್ದರು. ಕುಶಾಲಪ್ಪ ಗೌಡರು ಆ ಕಡ್ಡಿಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ಪುಷ್ಪಾವತಿಯನ್ನು ಹೊರಗೆ ಕರೆದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

“ಚೆನ್ನಮ್ಮಕ್ಕ, ತೊಟ್ಟೆ ಕೊಡ್ಲಿಕ್ಕೆ ಹೇಳಿದ್ದು ನಾನು. ಬೆಲ್ಲ ಮನೆಯಲ್ಲೇ ಇಡಬಾರದು ಹೇಳಿದ್ದೂ ನಾನು. ಸಾಕಾಗ್ಲಿಕ್ಕಿಲ್ಲ ಅಂತ ಪುಷ್ಪಾವತಿ ಹೇಳಿದ್ರೂ ನಾನು ಕೇಳಲಿಲ್ಲ. ಅವಳದ್ದು ತಪ್ಪಿಲ್ಲ. ಡಾಕ್ಟ್ರ ಎದುರು ನಾನು ಸುಳ್ಳು ಹೇಳಿದೆ.”

ಚೆನ್ನಮ್ಮನ ಕೈಯ ಕತ್ತಿ ನಿಂತಿತು. ಆಕೆ ನನ್ನನ್ನು ನೋಡಲೇ ಇಲ್ಲ. ತಮ್ಮನ ಹೆಂಡತಿಯನ್ನು ನೋಡಿ, “ನಿನಗೆ ಗೊತ್ತಿತ್ತಲ್ಲ ಪುಷ್ಪಾ. ಇಷ್ಟು ದಿನ ನಾನು ಬೈಯುವಾಗ ಒಮ್ಮೆ ಹೇಳ್ಲಿಕ್ಕೆ ಎಂತ ಆಗಿತ್ತು?” ಎಂದು ಕೇಳಿದರು.

“ಹೇಳಿದ್ರೆ ಈ ಊರಲ್ಲಿ ಯಾರು ಸಿಸ್ಟರ್ ಕೈಯಿಂದ ಮಕ್ಕಳಿಗೆ ಸೂಜಿ ಹಾಕಿಸ್ತಾರೆ ಅತ್ತಿಗೆ? ನಿಮ್ಮ ಮನೆಯಲ್ಲೇ ಒಂದು ಮಗು ಉಂಟು. ಬೈಗುಳ ನನಗೊಬ್ಬಳಿಗೆ ಆದ್ರೆ ಆಗ್ಲಿ ಅಂತ ಗ್ರಹಿಸಿದೆ.” ಆಮೇಲೆ ನನ್ನ ಕಡೆ ತಿರುಗಿದಳು. “ನೀವು ಒಂದು ದಿನ ಬಂದು ಹೇಳ್ತೀರಿ ಅಂತ ಗೊತ್ತಿತ್ತು ಸಿಸ್ಟರ್. ಇಷ್ಟು ತಡ ಮಾಡ್ತೀರಿ ಅಂತ ಗ್ರಹಿಸಿರಲಿಲ್ಲ.”

ಕ್ಷಮೆ ಕೇಳಿದೆ. ಅವಳು ಆಯಿತು ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಅದು ಅವಳ ಹಕ್ಕು. ಕತ್ತಲಾಗುವ ಮೊದಲು ಬಸ್ಸು ಹಿಡಿಯಿರಿ ಎಂದಳು.

ಎರಡು ದಿನ ಕಳೆದು ಗುರುವಾರ, ಅಂಗನವಾಡಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದು. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಪಟ್ಟಿಯಲ್ಲಿ ಹನ್ನೊಂದು ಮಕ್ಕಳ ಹೆಸರಿತ್ತು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು, ಒಬ್ಬರೂ ಒಳಗೆ ಬರಲಿಲ್ಲ. ರಸ್ತೆಯ ಆಚೆ ನಾಲ್ಕೈದು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ನಿಂತು, ಬರುವುದೋ ಬೇಡವೋ ಎಂದು ಮಾತಾಡುತ್ತಿದ್ದರು. ಪುಷ್ಪಾವತಿ ಎಂಟು ತಿಂಗಳು ಯಾವುದಕ್ಕೆ ಬೈಗುಳ ತಿಂದಳೋ ಅದನ್ನು ನಾನು ಎರಡೇ ದಿನದಲ್ಲಿ ಹಾಳು ಮಾಡಿದೆ ಎನಿಸಿತು. ಮದ್ದಿನ ಪೆಟ್ಟಿಗೆಯ ಮುಚ್ಚಳ ಮುಚ್ಚಿ ಕೂತೆ.

ಆಗ ಅವಳು ಬಂದಳು. ಸೊಂಟದಲ್ಲಿ ಚೆನ್ನಮ್ಮನ ಮೊಮ್ಮಗು, ಹಿಂದಿನಿಂದ ಕೊಡೆ ಹಿಡಿದು ಚೆನ್ನಮ್ಮ. ರಸ್ತೆಯ ಆಚೆ ನಿಂತವರ ನಡುವಿನಿಂದಲೇ ನಡೆದು ಒಳಗೆ ಬಂದರು. ಪುಷ್ಪಾವತಿ ಬೆಂಚಿನ ಮೇಲೆ ಕೂತು, ಮಗುವನ್ನು ತೊಡೆಯ ಮೇಲೆ ಮಲಗಿಸಿ, ಅದರ ಚಡ್ಡಿ ಸರಿಸಿ ಕಾಲು ಹಿಡಿದಳು.

“ಹಾಕಿ ಸಿಸ್ಟರ್,” ಎಂದಳು.

ಸೂಜಿಗೆ ಮದ್ದು ಎಳೆದುಕೊಂಡೆ. ಅಷ್ಟು ವರ್ಷ ಅಲುಗದ ಕೈ ಆವತ್ತು ನಿಲ್ಲುತ್ತಿರಲಿಲ್ಲ. ಬಾಗಿಲಲ್ಲಿ ಇಣುಕುತ್ತಿದ್ದ ತಾಯಂದಿರಿಗೂ ಅದು ಕಾಣುತ್ತಿತ್ತು. ಚೆನ್ನಮ್ಮನೂ ನೋಡಿದರು. ಕೊಡೆಯನ್ನು ಗೋಡೆಗೆ ಒರಗಿಸಿ ಬಂದು, ಮೊಮ್ಮಗುವಿನ ಇನ್ನೊಂದು ಕಾಲನ್ನು ತಾವು ಹಿಡಿದುಕೊಂಡು ಹೇಳಿದರು: “ನಿಧಾನಕ್ಕೆ ಹಾಕಿ. ನಾವು ಕಾಯ್ತೇವೆ.”